ಕೆನಾಲ್ ಊರಿನ ಗುರ್ಜಿ

ಶೇಖಮ್ಮನ ಮನೆಯಲ್ಲಿ ರೊಟ್ಟಿ ಹಂಚು ಎರಡು. ಒಂದು ಒಲೆಯ ಮೇಲಿನದು, ಇನ್ನೊಂದು ಹದಿನೆಂಟು ವರ್ಷದಿಂದ ಗೂಟಕ್ಕೆ ತೂಗುಬಿದ್ದದ್ದು. ಅದು ಗುರ್ಜಿಯ ಹಂಚು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದನ್ನು ಬೋರಲು ಹಾಕಿ, ಮೇಲೆ ಸಗಣಿಯ ಪುಟ್ಟ ಮಳೆದೇವರು ಗುರ್ಜಿಯನ್ನು ಕೂರಿಸಿ, ಗರಿಕೆ ಸಿಕ್ಕಿಸಿ, ತಲೆಯ ಮೇಲೆ ಹೊತ್ತು ಶೇಖಮ್ಮ ಮನೆಮನೆಗೆ ಹೋಗುತ್ತಿದ್ದಳು. ಪ್ರತಿ ಮನೆಯವರೂ ಗುರ್ಜಿಗೆ ಒಂದು ತಂಬಿಗೆ ನೀರು ಸುರಿಯಬೇಕು, ಅವಳು ಗರಗರ ತಿರುಗಬೇಕು, ಆಗ ಮಳೆ ಬರುತ್ತದೆಂದು ನಂಬಿಕೆ. ಒಂದು ಸಲವಂತೂ ಅವಳು ಕೊನೆಯ ಓಣಿ ಮುಟ್ಟುವುದರೊಳಗೆ ಹಳ್ಳ ತುಂಬಿ ಬಂದಿತ್ತು. ಮಳೆ ಬಾರದ ಸಲಗಳನ್ನು ಊರು ಮರೆತುಬಿಟ್ಟಿತ್ತು. ಶೇಖಮ್ಮ ಮರೆತಿರಲಿಲ್ಲ.

ಆಮೇಲೆ ಕೆನಾಲ್ ಬಂತು. ಕಾಲಬುಡಕ್ಕೇ ನೀರು ಹರಿದು ಬರುವಾಗ ಮುಗಿಲು ನೋಡುವವರಾರು? ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಬೇಸಿಗೆ ಬೆಳೆ ಕೊಯ್ದು ಊರಿಗೆ ಊರೇ ಶಹಾಪುರದ ಡಾಂಬರು ರಸ್ತೆಯ ಮೇಲೆ ಭತ್ತ ಹರವಿ ಒಣಗಿಸುವ ಏಪ್ರಿಲ್‌ನಲ್ಲಿ ಮಳೆಯ ಹೆಸರೆತ್ತುವುದೇ ಅಪಶಕುನವಾಯಿತು.

ಅಂಥದ್ದೇ ಒಂದು ಮಧ್ಯಾಹ್ನ ಪಂಚಾಯಿತಿಯ ಹಣಮಂತ್ರಾಯ ಆಟೋಗೆ ಮೈಕು ಕಟ್ಟಿಕೊಂಡು ಬಂದ. "ಇವತ್ತ ಸಂಜಿಗಿ ಜೋರು ಗಾಳಿ ಮಳಿ ಬರ್ತದಂತ ಮ್ಯಾಲಿನ ಆಫೀಸಿಂದ ಫೋನ್ ಬಂದದ. ಎಲ್ಲಾರೂ ನೆಲ್ಲ ಒಳಗ ಹಾಕ್ಕೋರಿ."

ಯಾರೂ ತಲೆ ಎತ್ತಲಿಲ್ಲ. ಅದೇ ವಾರ ಎರಡು ಸಲ ಅವನು ಹೀಗೇ ಸಾರಿದ್ದ. ಎರಡೂ ಸಲ ಜನ ಬೆನ್ನು ಮುರಿಯುವಂತೆ ಭತ್ತ ಬಳಿದು ತುಂಬಿದ್ದರು, ಮಳೆ ಇನ್ನೆಲ್ಲೋ ಸುರಿದು ಹೋಗಿತ್ತು, ಮರುದಿನ ಮತ್ತೆ ಹರವಿದ್ದರು. ಹಣಮಂತ್ರಾಯ ಗಂಟಲು ಹರಿದುಕೊಂಡು ಶೇಖಮ್ಮನ ಕಟ್ಟೆಗೆ ಬಂದು ಕುಸಿದು ಕುಳಿತ.

"ನನ್ನ ಮಾತಿಗಿ ಕಿಮ್ಮತ್ತ ಇಲ್ಲ ನೋಡ್ರಿ ಆಯಿ."

ಶೇಖಮ್ಮ ಗೋಡೆಯತ್ತ ನೋಡುತ್ತಿದ್ದಳು. ಇರುವೆಗಳು ಬಿಳಿ ಮೊಟ್ಟೆ ಹೊತ್ತು ಸಾಲುಗಟ್ಟಿ ಮೇಲೇರುತ್ತಿದ್ದವು. ಗಾಳಿ ಸತ್ತಂತಿತ್ತು. ಅವಳು ಕೋಲು ಹಿಡಿದು ರಸ್ತೆಗೆ ನಡೆದಳು. ಅಲ್ಲಿ ಸೊಸೆ ಮೋನಮ್ಮ ಭತ್ತದಲ್ಲಿ ಕಾಲಾಡಿಸಿ ತಿರುವುತ್ತಿದ್ದಳು. ಶೇಖಮ್ಮನ ಮಗ ಕಡೇಚೂರಿನ ಕಾರ್ಖಾನೆ ಸೇರಿದ ಮೇಲೆ ಇದು ಮೋನಮ್ಮ ಒಬ್ಬಳೇ ನಿಂತು ಬೆಳೆದ ಮೊದಲ ಬೆಳೆ. ನಾಟಿಯಿಂದ ಕೊಯ್ಲಿನವರೆಗೆ ಅವಳು ಒಂದು ದಿನ ಮೈ ಚಾಚಿ ಮಲಗಿರಲಿಲ್ಲ.

"ಯವ್ವಾ, ಇವತ್ತ ಖರೇನ ಬರ್ತದ. ತುಂಬ ನಡಿ."

"ಅತ್ತಿ, ಇನ್ನೊಂದು ಬಿಸಿಲು ಬಿದ್ರ ಮುಗೀತು. ಮುಂಜಾನಿ ಲಾರಿ ಬರ್ತದ. ಇನ್ನೊಮ್ಮಿ ಬಳಿಯಾಕ ನನ್ನ ರಟ್ಟ್ಯಾಗ ಕಸುವಿಲ್ಲ."

ಶೇಖಮ್ಮ ಅವಳ ಅಂಗೈ ಬಿಡಿಸಿ ಬೊಬ್ಬೆ ನೋಡಿದಳು. ಊರೆಲ್ಲ ಕೈ ಹಚ್ಚಿದರೆ ಎರಡು ತಾಸಿನ ಕೆಲಸ. ಆದರೆ ಊರನ್ನು ಎಬ್ಬಿಸುವವರಾರು? ಸರಕಾರದ ಮಾತಿಗೆ ಏಳದ ಜನ ಯಾವ ಮಾತಿಗೆ ಏಳುತ್ತಾರೆಂಬುದು ಅವಳಿಗೆ ಥಟ್ಟನೆ ಹೊಳೆಯಿತು. ಮಳೆ ಬಂದರೆ ತಂದವಳೆಂದು ಬೈಗುಳ, ಬಾರದಿದ್ದರೆ ಮುದುಕಿಗೆ ಅರಳುಮರಳೆಂದು ನಗೆ. ಬೈದರೆ ಬೈಯಲಿ, ಬೈಗುಳವೇನು ಮೈಗೆ ಅಂಟುತ್ತದೆಯೇ? ಮನೆಗೆ ಹೋಗಿ ಗೂಟದ ಹಂಚು ಇಳಿಸಿದಳು.

ಗುರ್ಜಿ ಹೊತ್ತು ಮೊದಲ ಮನೆಯ ಮುಂದೆ ನಿಂತಾಗ ಬಸ್ಸಮ್ಮ ನೀರು ಕುಡಿಯಲು ತಂಬಿಗೆ ಎತ್ತಿದ್ದಳು.

"ಹಾಕ ಯವ್ವಾ ನೀರ."

ಬಸ್ಸಮ್ಮ ತಂಬಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟು ಬಾಗಿಲು ಹಾಕಿಕೊಂಡಳು. ಹಿತ್ತಲ ಬಾಗಿಲಿನಿಂದ ಹಾರಿ ಅವಳು ರಸ್ತೆಗೆ ಓಡಿದ್ದೂ ಆಯಿತು, ಸುದ್ದಿ ಹಬ್ಬಿದ್ದೂ ಆಯಿತು. ಟ್ರ್ಯಾಕ್ಟರಿನ ದಸ್ತಗೀರಸಾಬ ಏದುಸಿರು ಬಿಡುತ್ತ ಬಂದ. ರಸ್ತೆಯ ಮೇಲೆ ಎಲ್ಲರಿಗಿಂತ ಉದ್ದಕ್ಕೆ ಹರವಿದ್ದು ಅವನ ಭತ್ತವೇ.

"ನಿಮ್ಮ ಕಾಲ ಬೀಳ್ತೀನಿ ಆಯಿ, ಇಳಸ್ರಿ ಅದನ್ನ."

"ಹೊತ್ತ ಗುರ್ಜಿ ಊರ ಸುತ್ತೂಮಟ ಇಳಸೂದಿಲ್ಲ ತಮ್ಮಾ. ನಿನಗ ಗೊತ್ತಿಲ್ಲೇನು?"

"ಮಳಿ ಬಂದ್ರ ನಮ್ಮ ಗತಿ ಏನ್ರಿ?"

"ಅದಕ್ಕ ನಾ ಸಾವಕಾಶ ನಡೀತೀನಿ. ನೀವು ಲಗೂ ಲಗೂ ಚೀಲ ತುಂಬ್ರಿ."

ಆಮೇಲೆ ರಸ್ತೆಯ ಮೇಲೆ ನಡೆದದ್ದನ್ನು ನೋಡಬೇಕಿತ್ತು. ಕಾರ್ಡು ಆಡುತ್ತಿದ್ದ ಗಂಡಸರು ಎಲೆ ಬಿಸಾಕಿ ಸಲಿಕೆ ಹಿಡಿದರು. ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟ ವಾರಗಿತ್ತಿಯರು ಒಂದೇ ಚೀಲದ ಎರಡು ಕಿವಿ ಹಿಡಿದರು. ದಸ್ತಗೀರಸಾಬನ ಟ್ರ್ಯಾಕ್ಟರು ಯಾರ ಚೀಲ ಯಾರದೆಂದು ಕೇಳದೆ ಶಾಲೆಯ ಪಡಸಾಲೆಗೆ ಸಾಗಿಸತೊಡಗಿತು. ಶೇಖಮ್ಮ ಒಂದೊಂದು ಬಾಗಿಲ ಮುಂದೆಯೂ ನಿಂತು, ಕೆಮ್ಮಿ, ಸೆರಗು ಸರಿಮಾಡಿಕೊಂಡು, ಬೇಕೆಂದೇ ಹೊತ್ತು ಕಳೆದಳು. ನಡುನಡುವೆ ಮುಗಿಲು ನೋಡುತ್ತಿದ್ದಳು. ಮುಗಿಲು ಇನ್ನೂ ಬಿಳುಪಾಗಿಯೇ ಇತ್ತು.

ಅವಳು ಶಾಲೆಯ ಹತ್ತಿರ ಬರುವಾಗ ಸುರಪುರದ ಕಡೆಯಿಂದ ಕಪ್ಪು ಎದ್ದಿತು. ಗಾಳಿ ಬಂದ ಹೊಡೆತಕ್ಕೆ ತಗಡುಗಳು ಬಡಿದಾಡಿದವು, ಬೇವಿನ ಕೊಂಬೆಯೊಂದು ಮುರಿದು, ಭತ್ತ ಬಳಿದು ಬರಿದಾಗಿದ್ದ ರಸ್ತೆಗೆ ಬಿತ್ತು. ಕೊನೆಯ ಚೀಲ ಮೋನಮ್ಮನದೇ. ಅದನ್ನು ನಾಲ್ವರು ಎತ್ತಿ ಪಡಸಾಲೆಗೆ ಹಾಕುವುದಕ್ಕೂ ಮಳೆ ದಬದಬ ಸುರಿಯುವುದಕ್ಕೂ ಸರಿಹೋಯಿತು.

ಚೀಲಗಳ ನಡುವೆ ಒತ್ತೊತ್ತಾಗಿ ನಿಂತ ಜನ ಅಂಗಳದಲ್ಲಿದ್ದ ಮುದುಕಿಯನ್ನು ನೋಡಿದರು. ಸಗಣಿ ಕರಗಿ ಅವಳ ಹಣೆಗಿಳಿದಿತ್ತು.

"ಹದಿನೆಂಟು ವರ್ಷಾದ್ರೂ ನಿಮ್ಮ ಹಂಚಿಗಿ ಜಂಗ ಹಿಡಿದಿಲ್ಲ ನೋಡ್ರಿ ಆಯಿ," ಎಂದ ದಸ್ತಗೀರಸಾಬ, ಬೈಯಬೇಕೋ ಕೈಮುಗಿಯಬೇಕೋ ತಿಳಿಯದೆ.

"ಮಳಿ ಬರ್ತದಂತ ಹಣಮಂತ್ರಾಯ ಹೇಳಿದ್ದ, ಬಂತು," ಎಂದಳು ಶೇಖಮ್ಮ. "ನಾ ಮಳಿ ಕರದಿಲ್ಲಪ್ಪಾ. ನಿಮ್ಮನ್ನ ಕರದೆ."

ಮೊದಲು ನಕ್ಕವನು ಹಣಮಂತ್ರಾಯ. ಆಮೇಲೆ ಪಡಸಾಲೆಗೆ ಪಡಸಾಲೆಯೇ ನಕ್ಕಿತು.

"ಮುಂದಿನ ಸಲ ಫೋನ್ ಬಂದ್ರ ಮೈಕು ನಿಮ್ಮ ಕೈಯಾಗ ಕೊಡ್ತೀನ್ರಿ," ಎಂದ ಅವನು.

ಮೋನಮ್ಮ ಮಾತ್ರ ನಗಲಿಲ್ಲ. ಕಣ್ಣು ತುಂಬಿಕೊಂಡು ತಗಡಿನಿಂದ ಸುರಿಯುವ ನೀರಿಗೆ ತಂಬಿಗೆ ಹಿಡಿದಳು. ತುಂಬಿದ ಮೇಲೆ ಮಳೆಗೆ ಇಳಿದು ಅತ್ತೆಯ ಮುಂದೆ ನಿಂತಳು.

"ಊರಾಗ ಒಬ್ಬರೂ ನೀರು ಹಾಕಿಲ್ಲಲ್ರಿ ಅತ್ತಿ. ಗುರ್ಜಿ ಅರ್ಧಕ್ಕ ನಿಂದ್ರಬಾರದು."

ಅಷ್ಟು ಜೋರು ಮಳೆಯಲ್ಲಿ ಸೊಸೆ ಒಂದು ತಂಬಿಗೆ ನೀರು ಸುರಿದಳು. ಎಪ್ಪತ್ತೆರಡರ ಶೇಖಮ್ಮ ಎರಡೂ ಕೈಯಲ್ಲಿ ಹಂಚು ಹಿಡಿದು ಗರಗರ ತಿರುಗಿದಳು. ನಿಂತು ಕಣ್ಣು ಬಿಟ್ಟಾಗ ಮೋನಮ್ಮನ ಹಿಂದೆ ಬಸ್ಸಮ್ಮ ತಂಬಿಗೆ ಹಿಡಿದು ನಿಂತಿದ್ದಳು, ಅವಳ ಹಿಂದೆ ಊರು ಸರದಿ ಹಚ್ಚಿತ್ತು.