ಇಪ್ಪತ್ತೈದು ಸುತ್ತು

ಫ್ಯಾನು ಇಳಿಯುತ್ತಿದೆ, ಕರೆಂಟು ಹೋಯಿತು, ಒಂದೇ ತಟ್ಟೆಯಂತೆ ತಿರುಗುತ್ತಿದ್ದ ಮೂರು ರೆಕ್ಕೆಗಳನ್ನು ಈಗ ಒಂದೊಂದಾಗಿ ಎಣಿಸಬಹುದು, ಅದರ ಗುಂಯ್ ಸದ್ದೂ ಇಳಿಯುತ್ತಿದೆ, ಬಿಳಿ ಮೂರರಿಂದ ಬಿಳಿ ಎರಡಕ್ಕೆ, ಎರಡರಿಂದ ಒಂದಕ್ಕೆ, ಹಾರ್ಮೋನಿಯಂ ಮನೆಗಳನ್ನು ಅಪ್ಪ ಹೀಗೇ ಎಣಿಸುತ್ತಿದ್ದ — ವೇಗ ಇಳಿದರೆ ಶ್ರುತಿ ಇಳಿಯುತ್ತದೆ, ಶ್ರುತಿ ಇಳಿದರೆ ಹಾಡಿನ ಮನಸ್ಸೇ ಬೇರೆಯಾಗುತ್ತದೆ, ಇದನ್ನು ನನಗೆ ಕಾಲೇಜು ಕಲಿಸಲಿಲ್ಲ, ಕಮಲಾಪುರದ ನಮ್ಮ ಪಡಸಾಲೆಯಲ್ಲಿ ಹನ್ನೊಂದನೆಯ ವಯಸ್ಸಿಗೆ ಈ ಬಲಗೈ ಕಲಿಸಿತು. ಅತ್ತಿ, ಮ್ಯಾಲ ಏನು ನೋಡಾಕತ್ತೀರಿ, ಸೊಸೆ ಜಯದೇವಿ ಬೀಸಣಿಗೆ ಹಿಡಿದು ಬಂದಿದ್ದಾಳೆ, ನನ್ನ ಕೈಗೆ ಕೊಡುವುದಿಲ್ಲ, ಕೈ ನೋವೆಂದು ಅವಳಿಗೆ ಗೊತ್ತು, ತಾನೇ ಕೂತು ಬೀಸುತ್ತಾಳೆ, ಏನಿಲ್ಲವ್ವಾ, ಎನ್ನುತ್ತೇನೆ, ಎಪ್ಪತ್ತಾರಕ್ಕೆ ಇಷ್ಟು ಜಂಬ ಒಳ್ಳೆಯದಲ್ಲ, ಆದರೆ ಇದೆ, ಎದೆಯಲ್ಲಿ ಒಂದು ಹಿಮ್ಮಡಿ ಇದೆ, ನೆಲದಿಂದ ಎರಡು ಬೆರಳು ಮೇಲೆದ್ದ ಅಪ್ಪನ ಹಿಮ್ಮಡಿ.

ಅಪ್ಪ ಎಂದರೆ ಗುರುಲಿಂಗಪ್ಪ ಮಾಸ್ತರ, ಹಗಲು ಕಮಲಾಪುರದ ಸಾಲೆ, ಸಂಜೆ ಹಾರ್ಮೋನಿಯಂ, ಪಕ್ಕದಲ್ಲಿ ಪಿಟೀಲಿನ ಬುರ್ಹಾನುದ್ದೀನ್ ಚಾಚಾ, ಕ್ಲಾರಿನೆಟ್ಟಿನ ತುಕಾರಾಮ, ಡೋಲಿನ ಖಾಜಾ, ಇಷ್ಟೇ ಮೇಳ, ತಾಳ ಹಾಕುವವರಿಲ್ಲ, ಅಪ್ಪನ ಬಲ ಹಿಮ್ಮಡಿಯೇ ತಾಳ, ಅದು ಎದ್ದರೆ ಮೂವರೂ ಉಸಿರು ಹಿಡಿಯುತ್ತಿದ್ದರು, ಇಳಿದರೆ ಹಾಡು ಶುರು. ನಿಜಾಮರ ಕಾಲ, ನಮ್ಮ ಸಾಲೆಯಲ್ಲಿ ನಾಲ್ಕನೆಯ ಜಮಾತು ಮುಗಿದರೆ ಹುಡುಗಿಯ ಓದು ಮುಗಿಯಿತು, ನನ್ನದು ಮುಗಿದಿತ್ತು, ಅದೇ ವರ್ಷ ಹೈದರಾಬಾದಿನಲ್ಲಿ ಹೆಣ್ಣುಮಕ್ಕಳ ಸಾಲೆ ನಡೆಸುವ ಮೇಡಂ ಒಬ್ಬರು ಕಲಬುರಗಿಗೆ ಬಂದು ನಿಜಾಮರ ಅತಿಥಿಗೃಹ ಐವಾನ್-ಎ-ಶಾಹಿಯಲ್ಲಿ ಇಳಿಯುತ್ತಾರೆಂದು ಸುದ್ದಿ, ಅವರಿಗೆ ಪ್ರೀತಿಯ ವಿಲಾಯತಿ ಮೇಳದ ತುಣುಕೊಂದು ಈ ರಿಕಾರ್ಡಿನಲ್ಲಿದೆ, ಮೂರೇ ಮಿನಿಟಿನದು, ನುಡಿಸಲು ಬರುತ್ತದೆಯೇ ಎಂದು ಸಾಲೆಗಳ ಕಚೇರಿಯಿಂದ ಅಪ್ಪನಿಗೆ ಒಂದು ರಿಕಾರ್ಡು ಬಂತು. ನುಡಿಸಿ ಮೆಚ್ಚಿಸಿದರ ಚಂದಮ್ಮನ ಸಾಲಿ ಮಾತು ತೆಗೀಲಿಕ್ಕೆ ನನಗ ಬಾಯಿ ಬರತದ, ಅಪ್ಪ ಚಾಚಾನಿಗೆ ಹೇಳಿದ್ದು, ಚಂದಮ್ಮ ಎಂದರೆ ನಾನು, ಬಾಗಿಲ ಹಿಂದೆ ನಿಂತು ಕೇಳಿದ್ದು, ಅಂದಿನಿಂದ ಆ ಮೂರು ಮಿನಿಟು ನನ್ನದಾಯಿತು.

ಮಹಾಗಾಂವದ ಬೇಳೆ ವ್ಯಾಪಾರಿ ಜಗದೇವಪ್ಪನವರ ಮನೆಯಿಂದ ಹಳೆಯ ಗ್ರಾಮಫೋನು ಗಾಡಿಯಲ್ಲಿ ಬಂತು, ಹುಲ್ಲಿನ ಮೇಲೆ, ಮೇಲೆ ಕಂಬಳಿ, ಚಾವಿ ಕೊಡುವ ಕೆಲಸ ನನ್ನದು, ನಲವತ್ತು ಸುತ್ತು ಕೊಡವಾ, ಅಪ್ಪ ಹೇಳುತ್ತಿದ್ದ, ಇಪ್ಪತ್ತೈದಕ್ಕೇ ಒಳಗೆ ಏನೋ ಕಟಕಟ ಎನ್ನುತ್ತಿತ್ತು, ಸ್ಪ್ರಿಂಗು ಹರಿದರೆ ಅಪ್ಪ ಜಗದೇವಪ್ಪನವರ ಮುಂದೆ ತಲೆ ತಗ್ಗಿಸಬೇಕು, ನಾನು ಇಪ್ಪತ್ತೈದಕ್ಕೆ ನಿಲ್ಲಿಸಿ ನಲವತ್ತಾಯಿತು ಎನ್ನುತ್ತಿದ್ದೆ, ಒಂದು ತಿಂಗಳು ದಿನವೂ ಸುಳ್ಳು. ಚಾಚಾ ನೋಡಿದ್ದರು, ಅವರ ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದರು, ಆದರೂ ಅಪ್ಪನಿಗೆ ಹೇಳಲಿಲ್ಲ, ನನ್ನ ಅಂಗೈ ಬೊಬ್ಬೆಗೆ ಒದ್ದೆ ಅರಿವೆ ಕಟ್ಟಿದರು. ಹಾಡು ಬಿಳಿ ಒಂದರಲ್ಲಿ ಮೆಲ್ಲಗೆ ನಡೆಯುತ್ತಿತ್ತು, ನೀರು ತುಂಬಿದ ಕೊಡ ಹೊತ್ತವಳ ಹಾಗೆ, ಕೊನೆಯ ಅರ್ಧ ಮಿನಿಟು ಇನ್ನೂ ನಿಧಾನವಾಗಿ, ಶ್ರುತಿಯಿಂದಲೇ ಜಾರಿ ಕೆಳಗಿಳಿಯುತ್ತಿತ್ತು, ಅಪ್ಪ ಕಣ್ಣು ಮುಚ್ಚಿ, ಹೊತ್ತು ಮುಳಗಿದಂಗ ಅದ, ಬರದಂವ ದೊಡ್ಡಾಂವ, ಹಾರ್ಮೋನಿಯಂ ಹಂಗ ಜಾರಂಗಿಲ್ಲ, ಬುರ್ಹಾನ್, ಕಡೀದು ನಿನ್ನ ಪಿಟೀಲಿಗಿ, ಎಂದು ಅದನ್ನು ಚಾಚಾನಿಗೆ ಬಿಟ್ಟ, ಚಾಚಾ ನನ್ನ ಕಡೆ ನೋಡಿ ನಕ್ಕರು, ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಐವಾನ್-ಎ-ಶಾಹಿಯ ಕಲ್ಲಿನ ಕಮಾನು, ನೆರಳಿನಲ್ಲಿ ಬೆತ್ತದ ಕುರ್ಚಿಗಳು, ಒಂದರಲ್ಲಿ ಮೇಡಂ, ಅಪ್ಪನ ರುಮಾಲು ಒಗೆದದ್ದು, ನಾವು ತಂದ ಕಮಲಾಪುರದ ಕೆಂಪು ಬಾಳೆಯ ಗೊನೆ ಕಂಬಕ್ಕೆ ಒರಗಿದೆ, ನಾನು ಅದರ ಹಿಂದೆ, ಅವರು ನುಡಿಸಿದರು, ಕೊನೆಗೆ ಚಾಚಾನ ಪಿಟೀಲು ಮುಳುಗಿತು, ಕಚೇರಿಯ ಗುಮಾಸ್ತ ನಕ್ಕ, ಮಾಸ್ತರ, ಇದು ಕುಣಿಯೋ ಹಾಡ ರೀ, ಹೆಣದ ಮುಂದ ನುಡಿಸಿದಂಗ ನುಡಿಸೀರಲ್ಲ, ಎನ್ನುತ್ತ ಅಲ್ಲಿದ್ದ ಹೊಸ ಗ್ರಾಮಫೋನಿಗೆ ಗರಗರ ಚಾವಿ ಕೊಟ್ಟು ಅದೇ ರಿಕಾರ್ಡು ಹಾಕಿದ — ಬಿಳಿ ಮೂರು, ಎಳೆಗರು ಕಟ್ಟು ಬಿಚ್ಚಿಕೊಂಡು ಓಡಿದಂತೆ, ಮುಳುಗುವ ಹೊತ್ತಿಲ್ಲ, ಜಾರುವ ಶ್ರುತಿಯಿಲ್ಲ, ಟಕ್ಕೆಂದು ಮುಗಿಯಿತು, ನನ್ನ ಬೊಬ್ಬೆ ಉರಿಯಿತು, ಹದಿನೈದು ಸುತ್ತು, ನಾನು ಕೊಡದೆ ಉಳಿಸಿದ ಹದಿನೈದು ಸುತ್ತು ಅಲ್ಲಿ ಕುಣಿದು ಹೋಯಿತು, ನನ್ನ ಸಾಲೆಯೂ ಹೋಯಿತು. ಅಪ್ಪ ತಿರುಗಿ ನನ್ನನ್ನು ನೋಡಿದ, ಮುಖವನ್ನಲ್ಲ, ಅರಿವೆ ಕಟ್ಟಿದ ಕೈಯನ್ನು, ತಿಳಿಯಿತು, ಎಲ್ಲ ತಿಳಿಯಿತು, ಹಳೇ ಮಶೀನ ರೀ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವನ ಮಾನ ಉಳಿಯುತ್ತಿತ್ತು. ಈಗರೆ ಬರೊಬ್ಬರಿ ನುಡಸ್ರಿ, ಎಂದ ಗುಮಾಸ್ತ, ಮೇಡಂ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು, ತಮ್ಮ ಕುರ್ಚಿಯನ್ನು ಅರ್ಧ ಸರಿಸಿದರು, ಯಾಕೆಂದರೆ ಅದು ಅಡ್ಡವಾಗಿ ನನಗೆ ಅಪ್ಪನ ಕಾಲು ಕಾಣುತ್ತಿರಲಿಲ್ಲ, ಅಷ್ಟು ದೊಡ್ಡವರು ಅದನ್ನು ಗಮನಿಸಿದರಲ್ಲ, ಇಂದಿಗೂ ಅಚ್ಚರಿ. ಕಾಣಿಸಿತು. ಹಿಮ್ಮಡಿ ಎದ್ದಿತು.

ಆಮೇಲಿನದು ಎಲ್ಲರಿಗೂ ಗೊತ್ತು, ಜಯದೇವಿಗೂ ನೂರು ಸಲ ಹೇಳಿದ್ದೇನೆ, ಹಿಮ್ಮಡಿ ನಮ್ಮ ನಿಧಾನಕ್ಕೇ ಇಳಿಯಿತು, ಬಿಳಿ ಒಂದಕ್ಕೇ, ಮೊದಲಿಗಿಂತ ಒಂದು ಕೂದಲು ಮೆಲ್ಲಗೆ, ಮುಗಿದ ಮೇಲೆ ಮೇಡಂ, ಫಿರ್ ಸೇ, ಎಂದರು, ಇನ್ನೊಮ್ಮೆ, ಇಷ್ಟು ನಿಧಾನ ಯಾರು ಕಲಿಸಿದ್ದೆಂದು ಕೇಳಿದರು, ಅಪ್ಪ ಎದ್ದು ನಿಂತ, ಚಾವಿ ಕೊಟ್ಟಾಕಿ ನನ್ನ ಮಗಳ ರೀ, ಈ ನಡಗಿ ಅಕೀದು, ಅಕೀನ್ನ ನಿಮ್ಮ ಸಾಲಿಗಿ ಕರಕೊಳ್ರಿ — ಹೈದರಾಬಾದು, ಮೆಟ್ರಿಕ್ಕು, ಬಿ.ಎ., ಮೂವತ್ತು ವರ್ಷ ಪಾಠ ಹೇಳಿದ್ದು, ಎಲ್ಲ ಆಮೇಲಿನದು, ಅದೆಲ್ಲ ಫ್ಯಾನಿನ ಗಾಳಿಯ ಹಾಗೆ ಬಂದು ಹೋಯಿತು. ಅತ್ತಿ, ಕರೆಂಟ್ ಬಂತು ನೋಡ್ರಿ, ಎನ್ನುತ್ತಾಳೆ ಜಯದೇವಿ, ಹೌದು, ರೆಕ್ಕೆ ಅಲುಗಿತು, ತಿರುಗಲಿ, ನಾನು ಇನ್ನೂ ಅಲ್ಲೇ, ಇಳಿಯುವ ಮೊದಲು, ಮೂವರೂ ಉಸಿರು ಹಿಡಿದಿದ್ದಾರೆ, ಗುಮಾಸ್ತನ ಬಾಯಿ ತೆರೆದೇ ಇದೆ, ಹಾಸುಗಲ್ಲಿನ ಮೇಲೆ ಒಡೆದ ಹಿಮ್ಮಡಿ, ಬಿರುಕಿನಲ್ಲಿ ಕಮಲಾಪುರದ ಕೆಂಪು ಮಣ್ಣು, ನೆಲಕ್ಕೂ ಅದಕ್ಕೂ ನಡುವೆ ಎರಡು ಬೆರಳು ಬೆಳಕು, ಎದ್ದ ಹಿಮ್ಮಡಿ, ಎರಡು ಬೆರಳು ಬೆಳಕು