ಹಳ್ಳದಕೈ ಅಧ್ಯಕ್ಷರ ಒಂದು ದಿನ

ಧಾರವಾಡದ ಪತ್ರಾಗಾರದಿಂದ ಅನುಶ್ರೀ ಎಂಬ ಅಧಿಕಾರಿ ಬರುತ್ತಾರೆಂದು ತಿಳಿದಾಗ ಹಳ್ಳದಕೈ ಗ್ರಾಮ ಪಂಚಾಯ್ತಿಯ ಪಿಡಿಒ ನಾಗಪ್ಪನವರು ಮೊದಲು ಮಾಡಿದ ಕೆಲಸವೆಂದರೆ ಕಚೇರಿಯ ಮುಂಬಾಗಿಲಿಗೆ ಬಣ್ಣ ಬಳಿಸಿದ್ದು. ಎಕ್ಕಂಬಿಯಿಂದಾಚೆ ಆ ಮೂಲೆಗೆ ತಾಲೂಕಿನ ಅಧಿಕಾರಿಗಳು ಬರುವುದೇ ಅಪರೂಪ. ಅಂಥದ್ದರಲ್ಲಿ ಧಾರವಾಡದಿಂದ ಒಬ್ಬರು ಬಂದು, ಅಧ್ಯಕ್ಷರ ಒಂದು ದಿನವನ್ನು ಸರ್ಕಾರಿ ದಾಖಲೆಯಾಗಿ ಕಾಪಿಡುತ್ತೇವೆ ಅಂದರೆ ಸಣ್ಣ ಮಾತೇ?

ಅನುಶ್ರೀ ಹೆಗಲಿಗೆ ಎರಡು ಚೀಲ ಹಾಕಿಕೊಂಡು ಬಸ್ಸಿನಿಂದ ಇಳಿದರು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಸ್ಕ್ಯಾನರ್. ಚಹಾ ಕುಡಿಯುತ್ತಾ ಅವರು ಬಂದ ಕೆಲಸವನ್ನು ವಿವರಿಸಿದರು. ದೇಶದ ರಾಷ್ಟ್ರಪತಿ ಒಂದು ದಿನ ಯಾರನ್ನು ಕಂಡರು, ಯಾವ ಕಡತಕ್ಕೆ ಸಹಿ ಹಾಕಿದರು ಎಂಬುದೆಲ್ಲ ಬರಹದಲ್ಲಿ ಉಳಿಯುತ್ತದೆ. ಹಳ್ಳಿಯ ಅಧ್ಯಕ್ಷರ ದಿನ ಮಾತ್ರ ಎಲ್ಲಿಯೂ ಉಳಿಯುವುದಿಲ್ಲ. ಆದ್ದರಿಂದ ತಾಲೂಕಿಗೊಂದು ಪಂಚಾಯ್ತಿ, ಅಲ್ಲಿನ ಅಧ್ಯಕ್ಷರ ಒಂದು ದಿನ. ಆ ದಿನ ಬಂದ ಅರ್ಜಿ, ಕೊಟ್ಟ ಆದೇಶ, ಮಾಡಿದ ಫೋನು, ಎಲ್ಲದರ ಪ್ರತಿ ಪತ್ರಾಗಾರ ಸೇರುತ್ತದೆ.

"ಹಂಗಾರ ಮುಂದಿನ ತಿಂಗಳು ಇಟ್ಕೊಳ್ರಿ ಮೇಡಂ," ಅಂದರು ಹಾವೇರಿ ಕಡೆಯವರಾದ ನಾಗಪ್ಪ. "ಗ್ರಂಥಾಲಯದ ಉದ್ಘಾಟನೆ ಐತಿ. ದೊಡ್ಡ ದೊಡ್ಡ ಮಂದಿ ಬರ್ತಾರ. ಫೋಟೋ ಚಲೋ ಬರ್ತಾವ."

"ದಿನ ಆರಿಸೋದು ನಮ್ಮ ಕೈಲಿಲ್ಲ ಸರ್. ಚೀಟಿ ಎತ್ತಿ ಆಗಿದೆ. ನಾಳೆ."

ನಾಗಪ್ಪನವರ ಮುಖ ಸಪ್ಪಗಾಯಿತು. ಎದುರಿನ ಕುರ್ಚಿಯಲ್ಲಿದ್ದ ಅಧ್ಯಕ್ಷೆ ಚೇತನಾ ನಕ್ಕುಬಿಟ್ಟಳು. "ನಾಳೆ ಎಂತದೂ ಇಲ್ಲ ಮೇಡಂ. ಬೋರಿನ ಮೋಟಾರು ಸುಟ್ಟುಹೋಗ್ಯದೆ, ಅದನ್ನೇ ಬರ್ಕೊಂಡು ಹೋಗ್ಬೇಕು ನೀವು."

ಚೇತನಾ ಹುಲಗೋಳದಿಂದ ಹಳ್ಳದಕೈಯ ಕೆಳಗಿನಕೇರಿಗೆ ಮದುವೆಯಾಗಿ ಬಂದವಳು. ಪಿಯುಸಿ ಓದಿದ್ದಳು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ, ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಆನಂದ ಎಂಬ ಸದಸ್ಯ ತನ್ನ ಕಡೆಯವರ ಮತಗಳನ್ನೆಲ್ಲ ಇವಳಿಗೆ ಹಾಕಿಸಿದ್ದ. ಆನಂದ ಊರಿನ ದೊಡ್ಡ ಜಮೀನುದಾರ. ಬಡವರ ಮನೆಯ ಹುಡುಗಿ, ಹೇಳಿದಲ್ಲಿ ಸಹಿ ಹಾಕುತ್ತಾಳೆ ಎಂಬುದು ಅವನ ಲೆಕ್ಕ. ಮೊದಮೊದಲು ಜನರೂ ಕಾಗದ ಹಿಡಿದುಕೊಂಡು ಅವಳ ಗಂಡ ಸುಭಾಷನ ಹತ್ತಿರವೇ ಹೋಗುತ್ತಿದ್ದರು. ಟೆಂಪೋ ಓಡಿಸುವ ಸುಭಾಷ, "ಸಹಿ ಅವಳ್ದು ಮಾರಾಯ್ರೆ. ನನ್ನ ಹತ್ರ ಪೆನ್ನೂ ಇಲ್ಲ," ಎಂದು ಹೇಳಿ ಎಲ್ಲರನ್ನೂ ಕಚೇರಿಗೆ ಕಳಿಸುತ್ತಿದ್ದ. ಹೀಗೆ ಒಂದೂವರೆ ವರ್ಷ ಕಳೆದಿತ್ತು. ಚೇತನಾ ಆನಂದನಿಗೆ ಎದುರಾಡುವ ಪ್ರಸಂಗ ಬಂದಿರಲಿಲ್ಲ.

ಮಾರನೆಯ ಬೆಳಿಗ್ಗೆ ಅನುಶ್ರೀ ಮೇಜಿನ ಒಂದು ಮೂಲೆಯಲ್ಲಿ ಯಂತ್ರ ಇಟ್ಟುಕೊಂಡು ಕುಳಿತರು. ಮೋಟಾರು ರಿಪೇರಿಯ ಆದೇಶ ಬಂತು. ವೃದ್ಧಾಪ್ಯ ವೇತನದ ಅರ್ಜಿ ಬಂತು. ಬೀದಿ ದೀಪ ಹಗಲೂ ಉರಿಯುತ್ತದೆಂದು ಒಬ್ಬರು ಜಗಳವಾಡಿ ಹೋದರು, ಅದನ್ನೂ ಅವರು ಬರೆದುಕೊಂಡರು. ಆಗ ಕೆಳಗಿನಕೇರಿಯ ಹುಚ್ಚ ಎಂಬವನು ಬಾಗಿಲಲ್ಲಿ ಬಂದು ನಿಂತ. ಅರವತ್ತು ದಾಟಿದ ಮನುಷ್ಯ. ಒಳಗೆ ಬರಲಿಲ್ಲ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ಹೇಳಿದ.

"ಅವ್ವ ಹೋದ್ಳು ಚೇತನಾ."

ಚೇತನಾ ಕುರ್ಚಿಯಿಂದ ಎದ್ದಳು. ಹುಚ್ಚನ ತಾಯಿ ಹೊನ್ನಿ ಸುತ್ತಲಿನ ಹಳ್ಳಿಗಳಿಗೆಲ್ಲ ಸೂಲಗಿತ್ತಿಯಾಗಿದ್ದವಳು. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಕೇರಿಯ ಮಕ್ಕಳೂ ದೊಡ್ಡ ಮನೆಗಳ ಮಕ್ಕಳೂ ಅವಳ ಕೈಮೇಲೆಯೇ ಹುಟ್ಟಿದ್ದವು. ಚೇತನಾಳ ಮೊದಲ ಮಗಳು ರಕ್ಷಿತಾ ಶಿರಸಿಗೆ ಹೋಗುವ ದಾರಿಯಲ್ಲಿ, ಸುಭಾಷನ ಟೆಂಪೋದಲ್ಲೇ ಹುಟ್ಟಿದಾಗಲೂ ಪಕ್ಕದಲ್ಲಿದ್ದವಳು ಹೊನ್ನಜ್ಜಿಯೇ.

"ಎಲ್ಲಾ ತಯಾರಿ ಆಯ್ತಾ ಹುಚ್ಚಣ್ಣ?"

"ಆಯ್ತು. ಆದ್ರೆ ಹೋಗೂದು ಹ್ಯಾಂಗೆ? ಹಳ್ಳ ಎದೆಮಟ್ಟ ಅದೆ." ಹುಚ್ಚ ತಲೆ ತಗ್ಗಿಸಿದ. "ಅವ್ವನ್ನ ನೀರಲ್ಲಿ ಹೊತ್ಕೊಂಡು ಹೋಗೂಕೆ ನನ್ನಿಂದ ಆಗೂದಿಲ್ಲ."

ಕೆಳಗಿನಕೇರಿಯವರು ಹೆಣ ಹೂಳುವ ಗುಡ್ಡಕ್ಕೆ ಹೋಗುವ ದಾರಿ ಆನಂದನ ಹೊಲದ ನಡುವೆ ಹಾದುಹೋಗುತ್ತಿತ್ತು. ಅಜ್ಜನ ಕಾಲದ ದಾರಿ ಅದು. ಊರಿನ ನಕ್ಷೆಯಲ್ಲೂ ಚುಕ್ಕೆಗೆರೆಯಾಗಿ ಇತ್ತು. ಮೂರು ವರ್ಷದ ಹಿಂದೆ ಆನಂದ ಶುಂಠಿ ಹಾಕಿ ತಂತಿ ಬೇಲಿ ಎಳೆದ. ಅಂದಿನಿಂದ ಕೇರಿಯವರು ಹಳ್ಳ ದಾಟಿ, ಕಾಡು ಸುತ್ತಿ ಗುಡ್ಡ ಹತ್ತುತ್ತಿದ್ದರು. ತಮ್ಮ ದಾರಿ ಎಂದು ಎಲ್ಲರಿಗೂ ಗೊತ್ತಿತ್ತು, ಆನಂದನಿಗೂ ಗೊತ್ತಿತ್ತು. ಅವನ ಹೊಲದಲ್ಲೇ ಕೂಲಿಗೆ ಹೋಗುವವರು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ. ಅಧ್ಯಕ್ಷೆಯಾದ ಮೇಲೆ ಚೇತನಾ ಕೂಡ ಹೇಳಿರಲಿಲ್ಲ. ಇವತ್ತು ಹುಚ್ಚ ಬಾಗಿಲಲ್ಲಿ ನಿಂತಿದ್ದ.

"ನಾಗಪ್ಪ ಸರ್," ಅಂದಳು, "ಬೇಲಿ ತೆಗೆಸೂಕೆ ನನಗೆ ಅಧಿಕಾರ ಅದೆಯಾ?"

ನಾಗಪ್ಪ ಅನುಶ್ರೀಯ ಕಡೆ ನೋಡಿದರು, ನಂತರ ಗೋಡೆಯ ಕಡೆ. "ಸಭಾ ಕರೀಬೇಕಂದ್ರ ನೋಟಿಸ್ ಕೊಡಬೇಕ್ರಿ, ಅದಕ್ಕ ದಿನ ಹಿಡೀತೈತಿ."

"ಸಭೆ ಕೇಳಿಲ್ಲ ನಾನು. ಈಗ, ಇವತ್ತು."

ಅವರು ನಿಟ್ಟುಸಿರು ಬಿಟ್ಟರು. "ಐತ್ರಿ. ತುರ್ತು ಇದ್ರ ಅಧ್ಯಕ್ಷರು ಹುಕುಂ ಕೊಡಬಹುದು. ಮುಂದಿನ ಸಭಾದಾಗ ಅದಕ್ಕ ಒಪ್ಪಿಗಿ ತಗೋಬೇಕು. ಆದ್ರ ಸಭಾದಾಗ ಯಾರ ಮಂದಿ ಅದಾರ ಅನ್ನೂದು ನಿಮಗೂ ಗೊತ್ತೈತಿ."

"ಗೊತ್ತದೆ. ಮೊಹರು ತಗೊಂಡು ಬನ್ನಿ."

ಅನುಶ್ರೀ ಎದ್ದು ನಿಂತು, "ನಾನೂ ಬರಬಹುದೇ?" ಎಂದು ಕೇಳಿದರು.

"ಇಡೀ ದಿನ ಬೇಕು ಅಂದವ್ರು ನೀವೇ ಅಲ್ದಾ? ಬನ್ನಿ."

ಹುಚ್ಚನನ್ನು ಮುಂದೆ ಕಳಿಸಿ ಅವರು ಹೋಗಿ ಮುಟ್ಟುವಾಗ ಚಟ್ಟ ಬೇಲಿಯ ಬಳಿಗೆ ಬಂದಾಗಿತ್ತು. ಕೇರಿಯ ಗಂಡಸರು ಹೆಂಗಸರು ಎಲ್ಲ ಸೇರಿದ್ದರು. ಬೇಲಿಯ ಒಳಗೆ ಆನಂದ ನಿಂತಿದ್ದ.

"ಚೇತನಾ, ನೀನಾರ ಹೇಳವಾ ಇವರಿಗೆ," ಅಂದ ಅವನು. "ಇನ್ನ ಎರಡು ತಿಂಗಳಿಗೆ ಕೀಳೂ ಬೆಳಿ. ಇಷ್ಟು ಮಂದಿ ತುಳಿದ್ರ ಏನ್ ಉಳೀತೈತಿ? ಎಲ್ಲಾರೂ ಹಳ್ಳದ ಕಡಿಂದ ಹೋಗ್ಯಾರ. ಇವರೂ ಹೋಗ್ಲಿ."

"ಹಳ್ಳದಲ್ಲಿ ನೀರು ಎಷ್ಟದೆ ನೋಡಿದ್ರಾ ಆನಂದಣ್ಣ?"

ಆಗ ಆನಂದನ ಕಣ್ಣು ಅನುಶ್ರೀಯ ಕೈಯಲ್ಲಿದ್ದ ಕ್ಯಾಮೆರಾದ ಮೇಲೆ ಬಿತ್ತು. ಆ ಮೇಡಂ ಯಾರೆಂದು ಅವನಿಗೆ ಹಿಂದಿನ ದಿನವೇ ತಿಳಿದಿತ್ತು. ಅವನ ದನಿ ಮೆತ್ತಗಾಯಿತು.

"ಆತು ಬಿಡ್ರಿ. ಹಿರೇ ಜೀವ. ಮಾನವೀಯತಾ ಅನ್ನೂದು ನನಗೂ ಐತಿ. ಇವತ್ತೊಂದಿನ ನಾನು ದಾರಿ ಬಿಡ್ತೀನಿ. ನಾಗಪ್ಪನವರ, ಬರ್ಕೊಳ್ರಿ, ಆನಂದ ತನ್ನ ಹೊಲದಾಗ ದಾರಿ ಬಿಟ್ಟು ಉಪಕಾರ ಮಾಡಿದ ಅಂತ."

ಗುಂಪಿನಲ್ಲಿ ಒಂದಿಬ್ಬರು ಸಮಾಧಾನದ ಉಸಿರು ಬಿಟ್ಟರು. ಚಟ್ಟ ಹೊತ್ತವರು ಹೆಜ್ಜೆ ಮುಂದಿಡಬೇಕು ಅನ್ನುವಷ್ಟರಲ್ಲಿ ಹುಚ್ಚ ಕೈ ಅಡ್ಡ ಹಿಡಿದ.

"ಇಳಿಸಿ," ಅಂದ.

ಚಟ್ಟವನ್ನು ನೆಲಕ್ಕೆ ಇಳಿಸಿದರು. ಹುಚ್ಚ ಅದರ ಪಕ್ಕದಲ್ಲಿ ಕುಳಿತುಬಿಟ್ಟ. "ನನ್ನವ್ವ ಯಾರ ಮನೆ ಬಾಗಿಲಿಗೂ ಬೇಡೂಕೆ ಹೋದವಳಲ್ಲ. ಕರೆದಲ್ಲಿ ಹೋಗಿದ್ದಾಳೆ, ಕೊಟ್ಟದ್ದು ತಗೊಂಡಿದ್ದಾಳೆ. ಇವತ್ತು ಬೇಡಿದ ದಾರೀಲಿ ಅವಳನ್ನ ನಾ ಹೊರೂದಿಲ್ಲ."

ಆನಂದನ ಮುಖ ಕೆಂಪೇರಿತು. ಎಲ್ಲರೂ ಚೇತನಾಳ ಕಡೆ ನೋಡಿದರು. ಅವಳು ನಾಗಪ್ಪನವರ ಕೈಯಿಂದ ರಟ್ಟಿನ ಹಲಗೆ ಇಸಿದುಕೊಂಡು, ಬೇಲಿಯ ಕಂಬಕ್ಕೆ ಒತ್ತಿಟ್ಟು ನಿಂತಲ್ಲೇ ಬರೆದಳು. ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದಳು.

"ಕೆಳಗಿನಕೇರಿಯಿಂದ ಗುಡ್ಡದ ಸ್ಮಶಾನಕ್ಕೆ ಹೋಗುವ ದಾರಿ ಊರಿನ ಸಾರ್ವಜನಿಕ ದಾರಿ. ಅದಕ್ಕೆ ಅಡ್ಡವಾಗಿ ಹಾಕಿರುವ ತಂತಿ ಬೇಲಿಯನ್ನು ಕೂಡಲೇ ತೆಗೆಯತಕ್ಕದ್ದು. ಚೇತನಾ ಸುಭಾಷ ನಾಯ್ಕ, ಅಧ್ಯಕ್ಷರು, ಹಳ್ಳದಕೈ ಗ್ರಾಮ ಪಂಚಾಯ್ತಿ."

ನಾಗಪ್ಪ ಮೊಹರಿಗೆ ಬಾಯಿಂದ ಹಾ ಎಂದು ಬಿಸಿಯುಸಿರು ಊದಿ ಒತ್ತಿದರು.

"ಕುರ್ಚಿ ಮ್ಯಾಲೆ ನಿನ್ನ ಕುಂದರಿಸಿದವ ನಾನು," ಅಂದ ಆನಂದ ಹಲ್ಲು ಕಚ್ಚಿ.

"ಹೌದು ಆನಂದಣ್ಣ. ಅದನ್ನ ನಾನು ಮರೆತಿಲ್ಲ. ಆದ್ರೆ ಕುರ್ಚಿ ನಿಮ್ದಲ್ಲ, ನಂದೂ ಅಲ್ಲ."

ಅಷ್ಟರಲ್ಲಿ ಹೊಲದ ಆ ತುದಿಯಿಂದ ಕೋಲೂರಿಕೊಂಡು ಒಬ್ಬ ಮುದುಕಿ ಬರುವುದು ಕಂಡಿತು. ಆನಂದನ ತಾಯಿ ಪಾರ್ವತವ್ವ. ಮಂಡಿನೋವಿನಿಂದ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದವಳು, ಶುಂಠಿ ಏರಿಗಳ ನಡುವೆ ಕಾಲಿಡಲು ಜಾಗ ಹುಡುಕದೆ, ಬೆಳೆಯ ಮೇಲೆಯೇ ನೇರ ನಡೆದು ಬಂದಳು.

"ಯವ್ವಾ, ನೀ ಯಾಕ ಬಂದಿ?" ಆನಂದ ಗಾಬರಿಯಾದ.

"ಹೊನ್ನಿ ಹೊಂಟಾಳ ಅಂದ್ರ ನಾ ಬರಬಾರದೇನು?" ಮುದುಕಿ ಏದುಸಿರು ಬಿಡುತ್ತಾ ನಿಂತಳು. "ನೀ ಕಾಲ ಮುಂದ ಮಾಡಿ ಹುಟ್ಟಿದಿ. ಎರಡು ರಾತ್ರಿ ನಿದ್ದಿ ಮಾಡಿಲ್ಲ ಆಕಿ. ನಿಮ್ಮಪ್ಪ ದವಾಖಾನಿಗೆ ಗಾಡಿ ಕಟ್ತೀನಂದ್ರೂ ಆಕಿ ಕೇಳಲಿಲ್ಲ, ಅಲುಗಾಡಿಸಿದ್ರ ಇಬ್ಬರೂ ಉಳಿಯೂದಿಲ್ಲ ಅಂದ್ಳು. ನಾನೂ ಉಳದ್ಯಾ, ನೀನೂ ಉಳದಿ. ಆಗ ಆಕಿ ನಮ್ಮನಿಗೆ ಬಂದಿದ್ದು ಯಾವ ದಾರ್ಯಾಗ ಅಂತೀ? ಇದ ದಾರ್ಯಾಗ."

ಆನಂದ ಬೇಲಿಯಿಂದ ಪಕ್ಕಕ್ಕೆ ಸರಿದ. ಚೇತನಾ ಮುಂದೆ ಹೋಗಿ ಕಂಬಕ್ಕೆ ಸುತ್ತಿದ್ದ ತಂತಿಗೆ ಕೈ ಹಾಕಿದಳು. ತುಕ್ಕು ಹಿಡಿದ ತಂತಿ ಸುಲಭಕ್ಕೆ ಬಿಚ್ಚಲಿಲ್ಲ, ಅಂಗೈ ಗೀರಿ ರಕ್ತ ಬಂತು. ಸುಭಾಷ ಟೆಂಪೋದಿಂದ ಇಕ್ಕಳ ತಂದುಕೊಟ್ಟ. ಒಂದೊಂದೇ ಎಳೆ ಕತ್ತರಿಸಿ ಬಿತ್ತು. ಬೇಲಿ ಸುರುಳಿಯಾಗಿ ಆಚೆ ಸರಿದಾಗ ಹುಚ್ಚ ಎದ್ದು ಅವ್ವನ ಚಟ್ಟಕ್ಕೆ ಹೆಗಲು ಕೊಟ್ಟ.

ಪಾರ್ವತವ್ವ ಮುಂದೆ, ಅವಳ ಹಿಂದೆ ಚಟ್ಟ, ಅದರ ಹಿಂದೆ ಕೇರಿ. ಆ ಹೊಲದಲ್ಲಿ ಬಗ್ಗಿ ಕಳೆ ಕಿತ್ತವರೇ ಎಲ್ಲರೂ. ಅಂದು ಬೆನ್ನು ನೆಟ್ಟಗೆ ಮಾಡಿ, ದಾರಿಯ ನಟ್ಟನಡುವೆ ನಡೆದರು. ಆದರೂ ಯಾರೊಬ್ಬರೂ ಶುಂಠಿ ಏರಿಯ ಮೇಲೆ ಬೇಕೆಂದು ಕಾಲಿಡಲಿಲ್ಲ. ಗುಡ್ಡದ ಮೇಲೆ ಮೊದಲ ಹಿಡಿ ಮಣ್ಣನ್ನು ಹುಚ್ಚ ಹಾಕಿದ, ಎರಡನೆಯದನ್ನು ಪಾರ್ವತವ್ವ. ಆಮೇಲೆ ನೋಡಿದರೆ ಗುಂಪಿನ ಕೊನೆಯಲ್ಲಿ ಆನಂದನೂ ಇದ್ದ. ತಾಯಿಯನ್ನು ಇಳಿಸಿಕೊಂಡು ಹೋಗಲು ಬಂದಿದ್ದನೋ, ಮಣ್ಣು ಹಾಕಲು ಬಂದಿದ್ದನೋ ಯಾರೂ ಕೇಳಲಿಲ್ಲ.

ಸಂಜೆ ಕಚೇರಿಯಲ್ಲಿ ನಾಗಪ್ಪ ದಿನದ ವರದಿ ಬರೆದು ತಂದರು. ಚೇತನಾ ಕೈಗೆ ಕಟ್ಟಿದ್ದ ಬಟ್ಟೆಯನ್ನು ಸರಿಮಾಡಿಕೊಳ್ಳುತ್ತಾ ಓದಿದಳು. 'ಸದಸ್ಯರಾದ ಶ್ರೀ ಆನಂದ ಇವರ ಸಹಕಾರ ಮತ್ತು ಔದಾರ್ಯದಿಂದ ದಾರಿ ತೆರವಾಯಿತು' ಎಂದಿತ್ತು.

"ಇದೆಂತ ಸರ್?"

"ನಾಳಿನ ದಿನ ನೋಡ್ಬೇಕಲ್ರಿ. ಆದೇಶ ಹೆಂಗೂ ಐತಿ. ವರದಿಯೊಳಗ ಒಂದು ಮಾತು ಮೆತ್ತಗ ಇದ್ರ, ಸಭಾದಾಗ ಕೈ ಎತ್ತಾಕ ಅವರಿಗೂ ಹಗುರ ಆಕ್ಕತಿ. ನಾನು ನಿಮ್ಮ ಒಳ್ಳೇದಕ್ಕ ಹೇಳೂದು."

ಅವರ ಮಾತಿನಲ್ಲಿ ಕಪಟ ಇರಲಿಲ್ಲ. ಚೇತನಾಳಿಗೂ ಅದು ಗೊತ್ತಿತ್ತು. ಒಂದು ಗಳಿಗೆ ಅವಳು ಪೆನ್ನು ಹಿಡಿದು ಕುಳಿತಳು.

"ಔದಾರ್ಯ ಅಂತ ಬರೆದ್ರೆ, ಅವರ ಮಗ ನಾಳೆ ಔದಾರ್ಯ ಸಾಕು ಅಂತ ಮತ್ತೆ ಬೇಲಿ ಹಾಕ್ತಾನೆ. ಊರಿನ ದಾರಿ ಅಂತಲೇ ಇರ್ಲಿ. ಆನಂದಣ್ಣ ಮಣ್ಣಿಗೆ ಬಂದಿದ್ರಲ್ಲ, ಅದನ್ನ ಬರೀರಿ. ಅದು ಸತ್ಯ. ಹೊನ್ನಜ್ಜಿ ಹೆಸ್ರೂ ಬರೀರಿ. 'ಮೃತ ಮಹಿಳೆ' ಅಂತ ಅಲ್ಲ. ಹೊನ್ನಿ, ಸೂಲಗಿತ್ತಿ, ಕೆಳಗಿನಕೇರಿ."

ನಾಗಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹೊಸ ಹಾಳೆ ತೆಗೆದುಕೊಂಡು, ಮೊದಲಿಗಿಂತ ದುಂಡಗಿನ ಅಕ್ಷರದಲ್ಲಿ ಬರೆಯತೊಡಗಿದರು.

ಮುಂದಿನ ಸಭೆಗೆ ಚೇತನಾ ಸೋಲುವುದಕ್ಕೆ ಸಿದ್ಧಳಾಗಿಯೇ ಹೋಗಿದ್ದಳು. ಆದೇಶಕ್ಕೆ ಒಪ್ಪಿಗೆ ಕೇಳಿದಾಗ ಅವಳ ಕಡೆಯವರು ಕೈ ಎತ್ತಿದರು. ಆನಂದನ ಕಡೆಯ ಸದಸ್ಯರು ಅವನ ಮುಖ ನೋಡಿದರು. ಅವನು ಕಿಟಕಿಯಾಚೆ ನೋಡುತ್ತಾ ಕುಳಿತಿದ್ದ, ಬೇಡ ಎನ್ನಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಅವರೂ ಕೈ ಎತ್ತಿದರು. ಆನಂದ ಮಾತ್ರ ಎತ್ತಲಿಲ್ಲ. ಹಾಗಂತ ಎದ್ದೂ ಹೋಗಲಿಲ್ಲ. ಆ ಬೇಸಿಗೆಯಲ್ಲಿ ಅವನೇ ಹೊಲಕ್ಕೆ ಹೊಸ ಬೇಲಿ ಹಾಕಿಸಿದ, ದಾರಿಯನ್ನು ಬಿಟ್ಟು, ಅದರ ಎರಡೂ ಬದಿಗೆ.

ವರ್ಷ ಕಳೆದ ಮೇಲೆ ಪತ್ರಾಗಾರದವರು ಸಂಗ್ರಹಿಸಿದ ದಿನಗಳನ್ನೆಲ್ಲ ಧಾರವಾಡದಲ್ಲಿ ಪ್ರದರ್ಶನಕ್ಕೆ ಇಟ್ಟರು. ಅನುಶ್ರೀ ಫೋನು ಮಾಡಿ ಕರೆದರು. ಸುಭಾಷನ ಟೆಂಪೋದಲ್ಲಿ ಕೇರಿಯ ಅರ್ಧ ಜನ ಹೊರಟರು. ನಾಗಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸೀಟಿನಲ್ಲಿ ಕುಳಿತರು.

ಉದ್ದನೆಯ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಗಳಿದ್ದವು. ಹಳ್ಳದಕೈ ಪಂಚಾಯ್ತಿಯದು ಕಿಟಕಿಯ ಪಕ್ಕ. ನಾಲ್ಕನೆಯ ತರಗತಿ ಓದಿದ ಹುಚ್ಚ ಗಾಜಿನ ಮೇಲೆ ಬಗ್ಗಿ, ಅಕ್ಷರ ಕೂಡಿಸಿ ಓದಿದ. "ಹೊನ್ನಿ... ಸೂಲಗಿತ್ತಿ... ಕೆಳಗಿನಕೇರಿ." ಮತ್ತೊಮ್ಮೆ ಓದಿದ. ನಂತರ ಹಿಂದಿದ್ದವರಿಗೆ ಜಾಗ ಬಿಟ್ಟು, ಗೋಡೆಗೆ ಒರಗಿ ನಿಂತು ಕಣ್ಣು ಒರೆಸಿಕೊಂಡ.

ಕಾಲೇಜಿನ ಹುಡುಗಿಯರ ಒಂದು ಗುಂಪು ಅದೇ ಪೆಟ್ಟಿಗೆಯ ಮುಂದೆ ನಿಂತಿತು. ಅವರಲ್ಲೊಬ್ಬಳು ಆದೇಶವನ್ನೂ ಅದರ ಕೆಳಗಿನ ವಿವರಣೆಯನ್ನೂ ಓದಿ, "ಬೇಲಿ ಕಂಬದ ಮೇಲೆ ಇಟ್ಟು ಬರೆದಿದ್ದಂತೆ! ಯಾರಿವರು?" ಅಂದಳು.

"ನಮ್ಮ ಅಧ್ಯಕ್ಷರು," ಅಂದ ಹುಚ್ಚ ಗೋಡೆಯ ಬಳಿಯಿಂದ, ಇಡೀ ಕೋಣೆಗೆ ಕೇಳುವಂತೆ. "ಇಲ್ಲೇ ಅವ್ರೆ. ಮಾತಾಡ್ಸಿ."

ಹುಡುಗಿಯರು ತಿರುಗಿ ನೋಡಿದರು. ಚೇತನಾಳಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ತಲೆ ಎತ್ತಿ ಅವರ ಹತ್ತಿರ ಹೋದಳು. ಅವರು ಕೇಳುತ್ತಲೇ ಹೋದರು, ಅವಳು ಹೇಳುತ್ತಲೇ ಹೋದಳು. ಬಾಗಿಲು ಹಾಕುವ ಹೊತ್ತಾಯಿತೆಂದು ಕಾವಲುಗಾರ ಎರಡು ಸಲ ಬಂದು ಹೇಳಬೇಕಾಯಿತು. ಮರಳುವಾಗ ಮುಂಡಗೋಡ ದಾಟುವ ತನಕ ಟೆಂಪೋದ ಹಿಂದಿನಿಂದ ಹಾಡು ನಿಲ್ಲಲಿಲ್ಲ.