ಕಂಡಕ್ಟರ್ ಕಾಯುತ್ತಿದ್ದ ಬಾಗಿಲು

ಆ ಸೂಚನೆಯ ಹಾಳೆಯನ್ನು ಟೈಪ್ ಮಾಡಿದವಳು ನಾನೇ. ಡಾಕ್ಟರು ಹೇಳುತ್ತ ಹೋದರು, ನಾನು ಒತ್ತುತ್ತ ಹೋದೆ. ಹಕ್ಕಿಜ್ವರ ಕೋಳಿಗಳಿಗಷ್ಟೇ ಬರುವುದಲ್ಲ, ಬೆಕ್ಕಿಗೂ ಬರುತ್ತದೆ, ಬಂದರೆ ಉಳಿಯುವುದು ಕಷ್ಟ. ಹಸಿ ಮಾಂಸ ಹಾಕಬೇಡಿ, ಕಾಯಿಸದ ಹಾಲು ಕೊಡಬೇಡಿ. ಬೆಕ್ಕನ್ನು ಹೊರಗೆ ಬಿಡಬೇಡಿ. ಚಪ್ಪಲಿ, ಬೂಟು ಬಾಗಿಲಾಚೆಗೇ ಇರಲಿ. ನೂರು ಪ್ರತಿ ತೆಗೆದು, ನಮ್ಮ ಪ್ರಾಣಿ ಆಸ್ಪತ್ರೆಯ ಮುಂದಿನ ಮೇಜಿನಲ್ಲಿ ಕೂತು, ಬಂದವರ ಕೈಗೆಲ್ಲ ಒಂದೊಂದು ತುರುಕಿದೆ. ಒಂದನ್ನು ನಮ್ಮ ಮನೆಯ ಬಾಗಿಲ ಒಳಗೂ ಅಂಟಿಸಿದೆ.

ಜನ ಅದನ್ನು ಏನು ಮಾಡಿದರು ಅಂತ ಕೇಳಬೇಡಿ. ಒಬ್ಬರು ಬೆಕ್ಕಿನ ಬುಟ್ಟಿಯ ತಳಕ್ಕೆ ಹಾಸಿದರು. ಒಬ್ಬರು ಮಡಚಿ ಬೀಸಣಿಗೆ ಮಾಡಿಕೊಂಡರು. ಕಂದು ಬೆಕ್ಕಿನ ಹೆಂಗಸೊಬ್ಬರು ಮಾತ್ರ ಪೂರ್ತಿ ಓದಿ, ಗಂಭೀರವಾಗಿ ತಲೆಯಾಡಿಸಿ, "ನಮ್ಮದು ಮನೆಯೊಳಗೇ ಇರೋ ಬೆಕ್ಕು ಕಣಮ್ಮ, ಹಸಿ ಕೋಳಿ ಬಿಟ್ಟು ಬೇರೇನೂ ಮುಟ್ಟಲ್ಲ" ಅಂದರು.

"ಅದನ್ನೇ ಹಾಕ್ಬೇಡಿ ಅಂತ ಬರೆದಿರೋದು."

"ನಾವು ತರೋದು ಒಳ್ಳೆ ಅಂಗಡಿಯ ಕೋಳಿ."

ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಗೋಡೆಗಾದರೂ ಒಂದಿಷ್ಟು ತಾಗುತ್ತಿತ್ತೇನೋ.

ಹೊರಗಿನವರದ್ದು ಹಾಗಿರಲಿ, ಮನೆಯಲ್ಲಿ ಅಪ್ಪ ಇದ್ದ. ಮೂವತ್ತೊಂದು ವರ್ಷ ಬಸ್ ಓಡಿಸಿ ನಿವೃತ್ತನಾದವನು. ಯಾರ ಮಾತನ್ನೂ ಎಡಗಿವಿಯಲ್ಲಿ ಕೇಳಿ ಬಲಗಿವಿಯಲ್ಲಿ ಬಿಡುವುದನ್ನು ಎಂಜಿನ್ ಪಕ್ಕದಲ್ಲೇ ಕೂತು ಕಲಿತಿದ್ದ. ಅಮ್ಮ ತೀರಿಕೊಂಡ ವರ್ಷ ಮೆಟ್ಟಿಲ ಕೆಳಗೆ ಸಿಕ್ಕ ಬೂದು ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ತಂದವನೂ ಅವನೇ. ಆ ಮರಿ ದೊಡ್ಡದಾದಮೇಲೆ ಬಾಗಿಲ ಪಕ್ಕ ಕೂರುವುದನ್ನು ಕಲಿಯಿತು. ಒಳಗೆ ಬರುವವರ ಕಾಲು, ಕೈಚೀಲ, ಸೆರಗು, ಎಲ್ಲವನ್ನೂ ಮೂಸಿಯೇ ಬಿಡುತ್ತಿತ್ತು. ಹಾಗಾಗಿ ಅದಕ್ಕೆ ಕಂಡಕ್ಟರ್ ಅಂತ ಹೆಸರು ಬಿತ್ತು. "ಟಿಕೆಟ್ ತೋರ್ಸು, ಒಳಗೆ ಬಿಡ್ತಾನೆ" ಎನ್ನುವುದು ಅಪ್ಪನ ಹಳೆಯ ಜೋಕು. ಏಳು ವರ್ಷದಿಂದ ಅದೊಂದೇ ಜೋಕು.

ನಾನು ಬೆಳಗ್ಗೆ ಹೋದರೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಅಪ್ಪನಿಗೆ ಮಾತಿಗೆ ಇದ್ದದ್ದು ಕಂಡಕ್ಟರ್ ಒಬ್ಬನೇ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಷ್ಟು ಹಟ ಹಿಡಿದೆ.

ದಿನಾ ಬೆಳಗ್ಗೆ ಇಬ್ಬರೂ ಕೆಳಗಿನ ಅಂಗಳದ ಬೆಂಚಿಗೆ ಹೋಗುತ್ತಿದ್ದರು. ಅದನ್ನು ನಿಲ್ಲಿಸಿದೆ. ಅಡುಗೆಮನೆ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಪಾರಿವಾಳಗಳು ಕೂರುತ್ತಿದ್ದವು. ಮೇಲಿನ ಮನೆಯ ಮಾಮ ಅವಕ್ಕೆ ಕಾಳು ಎರಚುತ್ತಿದ್ದರು, ಚೆಲ್ಲಿದ್ದೆಲ್ಲ ನಮ್ಮ ಕಟ್ಟೆಗೆ. ಮೇಲೆ ಹೋಗಿ ಕೇಳಿದೆ.

"ಮಾಮ, ಸ್ವಲ್ಪ ದಿನ ಕಾಳು ಹಾಕೋದು ನಿಲ್ಸಿ."

"ಯಾಕೆ, ಇವಕ್ಕೆ ಜ್ವರ ಬಂದಿದ್ಯಾ?"

"ಬಂದಿದ್ಯೋ ಇಲ್ವೋ ನೋಡಿದ್ರೆ ಗೊತ್ತಾಗಲ್ಲ. ಅದಕ್ಕೇ ಹೇಳ್ತಿರೋದು."

"ಗೊತ್ತಾಗ್ದೇ ಇದ್ಮೇಲೆ ಯಾಕಮ್ಮ ಸುಮ್ನೆ ಅಪವಾದ ಹಾಕ್ತೀಯ?"

ಅವರು ಹೇಳಿದ ರೀತಿ ನೋಡಿದರೆ, ನಾನು ಅವರ ಮೊಮ್ಮಕ್ಕಳನ್ನೇ ಕಳ್ಳರು ಅಂದಂತಿತ್ತು. ಕೆಳಗೆ ಬಂದು ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಬಡಿದೆ. ಹಿಕ್ಕೆ ಗಾಳಿಗೆ ಒಳಗೆ ಬಂದೀತು, ಗಾಜೂ ಮುಚ್ಚಿಯೇ ಇರಲಿ ಅಂತ ಅಪ್ಪನಿಗೆ ತಾಕೀತು ಮಾಡಿದೆ. ಕಂಡಕ್ಟರ್ ಗಾಜಿಗೆ ಮೂಗು ಒತ್ತಿ ಇಡೀ ದಿನ ಗೋಳಾಡುತ್ತಿದ್ದ.

"ಅವನಿಗೂ ರಿಟೈರ್ಮೆಂಟ್ ಕೊಟ್ಬಿಟ್ಟೆ ಅನ್ನು" ಅಂದ ಅಪ್ಪ. "ನಂಗಾದ್ರೂ ಒಂದು ಗಡಿಯಾರ ಕೊಟ್ಟು ಕಳಿಸಿದ್ರು."

"ಸತ್ತು ಹೋದ್ರೆ ಆಗ ಜೋಕ್ ಮಾಡುವಂತೆ, ಇರು."

ಶುಕ್ರವಾರ ಸಂಜೆ ಒಳಗೆ ಬಂದದ್ದೂ ಹೀಗೇ ಗೊಣಗುತ್ತ. ಆಸ್ಪತ್ರೆಯ ಬಟ್ಟೆ ಒಗೆಯುವ ಮೆಷೀನು ಕೆಟ್ಟು ನಾಲ್ಕು ತಿಂಗಳಾಗಿತ್ತು. ಡಾಕ್ಟರು ಮುಂದಿನ ವಾರ, ಮುಂದಿನ ವಾರ ಅನ್ನುತ್ತಲೇ ಇದ್ದರು. ಅಲ್ಲಿಯವರೆಗೆ ಅಲ್ಲಿ ಕೆಲಸ ಮಾಡುವ ನಾವು ಮೂವರು ಸರದಿಯಂತೆ ಆ ವಾರದ ಟವೆಲ್‌ಗಳನ್ನು ಚೀಲದಲ್ಲಿ ತುಂಬಿ ಮನೆಗೆ ಒಯ್ದು ಒಗೆದು ತರುವುದು ರೂಢಿಯಾಗಿಬಿಟ್ಟಿತ್ತು. ಆ ವಾರ ನನ್ನ ಸರದಿ. ಬೂಟನ್ನು ಹೊರಗೆ ಬಿಟ್ಟೆ. ಚೀಲವನ್ನು ಬಾಗಿಲ ಹಿಂದೆ ಇಟ್ಟೆ. ಮೊಣಕೈವರೆಗೂ ಸೋಪು ಹಾಕಿ ಕೈ ತೊಳೆದೆ. ಅಪ್ಪನ ಚಪ್ಪಲಿ ಹೊಸಿಲಿನ ಒಳಗೆ ಒಂದು ಬೆರಳಿನಷ್ಟು ನುಸುಳಿದ್ದು ಕಂಡು, ಅದಕ್ಕೆ ಹತ್ತು ನಿಮಿಷ ಮಂಗಳಾರತಿ ಎತ್ತಿದೆ.

ಕಂಡಕ್ಟರ್ ಚೀಲ ಹತ್ತಿ, ಮುಂಗಾಲಿನಿಂದ ನಾದಿ, ಎರಡು ಸುತ್ತು ಹಾಕಿ ಮಲಗಿದ. "ನೋಡು, ಅವನ ಸೀಟು ಬಂತು" ಅಂದ ಅಪ್ಪ. ನನಗೂ ನಗು ಬಂತು. ಮಾರನೆಯ ದಿನ ಬಿಸಿನೀರಿನಲ್ಲಿ ಎಲ್ಲವನ್ನೂ ಒಗೆದು ಹಾಕಿದೆ.

ಬುಧವಾರ ಬೆಳಗ್ಗೆ ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ಕಂಡಕ್ಟರ್ ಇರಲಿಲ್ಲ. ಅಪ್ಪನ ಕುರ್ಚಿಯ ಕೆಳಗಿದ್ದ. ಮೂಗು ಸುರಿಯುತ್ತಿತ್ತು, ಮೈ ಕಾದಿತ್ತು. ಕರೆದಾಗ ಎದ್ದು ಬಂದವನು ಮೇಜಿನ ಕಾಲಿಗೆ ಮುಖ ಡಿಕ್ಕಿ ಹೊಡೆದುಕೊಂಡು, ಅಲ್ಲೇ ಒಂದೇ ಪಕ್ಕಕ್ಕೆ ಗಿರಗಿರ ತಿರುಗತೊಡಗಿದ.

"ರಾತ್ರಿನೂ ತಿಂದಿರ್ಲಿಲ್ಲ" ಅಂದ ಅಪ್ಪ. "ಮುನಿಸ್ಕೊಂಡಿದಾನೆ ಅಂದ್ಕೊಂಡೆ."

ಅಡುಗೆಮನೆಗೆ ಓಡಿದೆ. ಕಿಟಕಿಯ ಗಾಜು ತೆರೆದಿತ್ತು. ಆಚೆ ಕಟ್ಟೆಯ ಮೇಲೆ ಬೂದು ಪುಕ್ಕವೊಂದು ಬಿದ್ದಿತ್ತು. ನನಗೆ ಅಷ್ಟು ಸಾಕಾಯಿತು.

"ಮಗಳೇ, ಜಾಲರಿ..." ಅಂತ ಅಪ್ಪ ಶುರುಮಾಡಿದ.

"ಬಾಯಿ ಮುಚ್ಚು. ಎಷ್ಟು ಸಲ ಹೇಳಿದೀನಿ ನಿನಗೆ? ಊರಿಗೆಲ್ಲ ಹೇಳಿ ಹೇಳಿ ನನ್ನ ಗಂಟಲು ಹರಿದುಹೋಯ್ತು, ಮನೇಲಿ ಒಂದು ಕಿಟಕಿ ಮುಚ್ಚಿಡೋಕಾಗ್ಲಿಲ್ವಾ ನಿನ್ ಕೈಲಿ? ಅಷ್ಟು ಜನರನ್ನ ಹೊತ್ಕೊಂಡು ಬಸ್ ಓಡಿಸ್ದೋನು, ಒಂದು ಬೆಕ್ಕು ನೋಡ್ಕೊಳ್ಳೋಕಾಗ್ಲಿಲ್ಲ. ಕೈಯಾರೆ ಕೊಂದೆ ಅವನನ್ನ."

ಕಂಡಕ್ಟರನ್ನು ಬುಟ್ಟಿಗೆ ಹಾಕಿ, ತಾನೂ ಬರಲು ಚಪ್ಪಲಿ ಹುಡುಕುತ್ತಿದ್ದ ಅಪ್ಪನನ್ನು ಅಲ್ಲೇ ಬಿಟ್ಟು, ಬಾಗಿಲು ಎಳೆದುಕೊಂಡು ಹೊರಟೆ.

ದಾರಿಯಲ್ಲೇ ಫೋನ್ ಮಾಡಿದ್ದರಿಂದ ಡಾಕ್ಟರು ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡರು. ಮುಖಕ್ಕೆ ಮಾಸ್ಕು, ಕಣ್ಣಿಗೆ ದಪ್ಪ ಕನ್ನಡಕ, ಮೈಮೇಲೆ ಪ್ಲಾಸ್ಟಿಕ್ ನಿಲುವಂಗಿ. ಕಂಡಕ್ಟರ್‌ನ ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆಯುತ್ತ, ನಾನೇ ಟೈಪ್ ಮಾಡಿದ ಹಾಳೆಯ ಸಾಲುಗಳನ್ನು ಒಂದೊಂದಾಗಿ ನನಗೇ ಕೇಳಿದರು.

"ಹಸಿ ಮಾಂಸ?"

"ಇಲ್ಲ ಮೇಡಂ. ಹಾಲೂ ಕಾಯ್ಸೇ ಕೊಡೋದು."

"ಹೊರಗೆ ಹೋಗಿತ್ತಾ?"

"ಒಂದು ತಿಂಗಳಿಂದ ಇಲ್ಲ. ನಮ್ಮಪ್ಪ ಕಿಟಕಿ ತೆಗೆದಿದಾನೆ. ಪುಕ್ಕ ಬಿದ್ದಿತ್ತು."

"ಹಕ್ಕಿ ಒಳಗೆ ಬಂತಾ? ಇದು ಹಿಡೀತಾ?"

"ಇಲ್ಲ, ಜಾಲರಿ ಇದೆ" ಅಂದೆ. ಅಂದಮೇಲೆ ನನ್ನ ಮಾತು ನನಗೇ ಕೇಳಿಸಿತು. ಗಾಜು ತೆರೆದಿತ್ತು ನಿಜ, ಆದರೆ ಜಾಲರಿಯ ಒಂದು ಮೊಳೆಯೂ ಕದಲಿರಲಿಲ್ಲ. ಪುಕ್ಕವನ್ನು ನಾನು ನೋಡಿದ್ದು ಜಾಲರಿಯ ಮೂಲಕವೇ.

ಡಾಕ್ಟರು ಕಡ್ಡಿಯನ್ನು ಸೀಸೆಗೆ ಹಾಕಿ ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಕಳೆದ ಗುರುವಾರ ಆ ಕಂದು ಬೆಕ್ಕು ಬಂದಿತ್ತಲ್ಲ, ಮಾರನೇ ದಿನ ಸತ್ತೋಯ್ತಲ್ಲ. ಸುಮ್ನೆ ಅನುಮಾನಕ್ಕೆ ಅಂತ ಅದರ ಮಾದರಿ ಪರೀಕ್ಷೆಗೆ ಕಳಿಸಿದ್ದೆ. ರಿಪೋರ್ಟು ಈಗ್ತಾನೆ ಬಂತು. ಹಕ್ಕಿಜ್ವರನೇ." ಸೀಸೆಯನ್ನು ಪಕ್ಕಕ್ಕಿಟ್ಟು ಕೇಳಿದರು. "ಗುರುವಾರದ ಟವೆಲ್‌ಗಳು ಯಾರ ಮನೆಗೆ ಹೋದ್ವು?"

ಸರದಿಯ ಪಟ್ಟಿ ಗೋಡೆಯ ಮೇಲೇ ಇತ್ತು. ಬರೆದವಳೂ ನಾನೇ. ಆ ಕಂದು ಬೆಕ್ಕು ಕೆಮ್ಮಿ, ಜೊಲ್ಲು ಸುರಿಸಿ ನಡುಗುತ್ತಿದ್ದಾಗ ಅದನ್ನು ಟವೆಲಿನಲ್ಲಿ ಸುತ್ತಿ ಹಿಡಿದವಳೂ ನಾನೇ. ಆ ಹೆಂಗಸು ಅಳುತ್ತಿದ್ದರು. ಹೇಳಿದರೆ ಕೇಳಬೇಕಲ್ಲ ಅಂತ ಮನಸ್ಸಿನಲ್ಲೇ ಅವರನ್ನು ಬೈಯುತ್ತ ಆ ಟವೆಲನ್ನು ಚೀಲಕ್ಕೆ ಎಸೆದಿದ್ದೆ. ಚಪ್ಪಲಿ, ಬೂಟು ಅಂತ ಹಾಳೆಯಲ್ಲಿತ್ತು. ಒಗೆಯುವ ಬಟ್ಟೆ ಅಂತ ಇರಲಿಲ್ಲ. ನಾಲ್ಕು ತಿಂಗಳಿಂದ ಮನೆಗೆ ಬಂದು ಹೋಗುತ್ತಿದ್ದ ಚೀಲ, ಅದು ನನ್ನ ಕಣ್ಣಿಗೆ ಬೀಳುವುದನ್ನೇ ನಿಲ್ಲಿಸಿತ್ತು.

"ನನ್ನ ಮನೆಗೆ" ಅಂದೆ.

"ಅದರಿಂದಲೇ ಬಂತು ಅಂತ ಖಚಿತವಾಗಿ ಹೇಳೋಕಾಗಲ್ಲ" ಅಂದರು ಡಾಕ್ಟರು. "ನಾನು ಮೆಷೀನ್ ರಿಪೇರಿ ಮಾಡಿಸ್ಬೇಕಿತ್ತು."

ಮಾಡಿಸಬೇಕಿತ್ತು. ಆ ಮಾತಿಗೆ ಮೈಯೆಲ್ಲ ಉರಿಯಿತು. ಆದರೆ ಬೆಳಗ್ಗೆ ಅಪ್ಪನ ಮೇಲೆ ಎಲ್ಲವನ್ನೂ ಸುರಿದು ಬಂದಿದ್ದೆ. ಇವರ ಮೇಲೆ ಎರಚಲು ನಾಲಿಗೆ ಏಳಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಕಂಡಕ್ಟರ್‌ಗೆ ಫಿಟ್ಸ್ ಶುರುವಾಯಿತು. ಮೂರನೆಯ ಸಲ ಬಂದದ್ದು ನಿಲ್ಲಲಿಲ್ಲ. ಕೈಗವಸು ಹಾಕಿಕೊಂಡೇ ಅವನ ತಲೆ ಹಿಡಿದಿದ್ದೆ. ನನ್ನ ವಾಸನೆಯೂ ಅವನಿಗೆ ಸಿಕ್ಕಿರಲಿಕ್ಕಿಲ್ಲ. ದೇಹವನ್ನು ಮನೆಗೆ ಕೊಡುವಂತಿಲ್ಲ, ಬುಟ್ಟಿಯನ್ನೂ ಕೊಡುವಂತಿಲ್ಲ. ನನಗೂ ಅಪ್ಪನಿಗೂ ಜ್ವರ ಬರುತ್ತದಾ ಅಂತ ಹತ್ತು ದಿನ ನೋಡಿಕೊಳ್ಳಬೇಕು ಎಂದು ಹೇಳಿ, ಸರ್ಕಾರಿ ಆಸ್ಪತ್ರೆಯಿಂದ ತರಿಸಿದ ಮಾತ್ರೆ ಕೊಟ್ಟು ಡಾಕ್ಟರು ಕಳಿಸಿದರು.

ಬೂಟನ್ನು ಹೊರಗೆ ಬಿಟ್ಟು ಬರಿಗೈಯಲ್ಲಿ ಒಳಗೆ ಬಂದೆ. ಅಪ್ಪ ಊಟದ ಮೇಜಿನ ಮುಂದೆ ಕೂತಿದ್ದ. ನನ್ನ ಕೈ ನೋಡಿದ, ಮುಖ ನೋಡಿದ. ಬಾಗಿಲ ಮೇಲಿದ್ದ ಹಾಳೆ ಅಲ್ಲಿರಲಿಲ್ಲ. ಅದನ್ನು ಕಿತ್ತು, ಹಿಂಬದಿಯಲ್ಲಿ ಏನೋ ಬರೆದಿದ್ದ. ನನ್ನ ಕಡೆ ಸರಿಸಿದ.

"ಆಸ್ಪತ್ರೇಲಿ ಕೇಳ್ತಾರಲ್ಲ, ಹೇಗಾಯ್ತು ಅಂತ. ಇದನ್ನ ಕೊಟ್ಬಿಡು."

ಅಪಘಾತದ ವರದಿ ಅಂತ ಮೇಲೆ ಬರೆದು ಅಡಿಗೆರೆ ಎಳೆದಿದ್ದ. ಡಿಪೋದಲ್ಲಿ ಬರೆಯುತ್ತಿದ್ದ ಅದೇ ಕ್ರಮ. ಸ್ಥಳ, ಅಡುಗೆಮನೆ ಕಿಟಕಿ. ಗಾಜನ್ನು ದಿನಾ ಹತ್ತು ನಿಮಿಷ ತೆಗೆಯಲಾಗುತ್ತಿತ್ತು, ಬೆಕ್ಕಿನ ಗಾಳಿ ಬಿಸಿಲಿಗಾಗಿ. ಜಾಲರಿ ಹಾಕಿಯೇ ಇತ್ತು. ಕಾರಣ, ಚಾಲಕನ ನಿರ್ಲಕ್ಷ್ಯ. ಕೆಳಗೆ ಸಹಿ.

ಮೂವತ್ತೊಂದು ವರ್ಷದಲ್ಲಿ ಅಪ್ಪ ಆ ಎರಡು ಪದವನ್ನು ಒಮ್ಮೆಯೂ ಬರೆದವನಲ್ಲ. ಬ್ರೇಕು, ರಸ್ತೆ, ಎದುರಿಗೆ ಬಂದ ಸೈಕಲ್ಲು, ಎಲ್ಲದರ ಮೇಲೂ ಹಾಕಿದ್ದ, ತನ್ನ ಮೇಲೆ ಹಾಕಿಕೊಂಡಿರಲಿಲ್ಲ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ, ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರೆ ಮುಗಿಯುತ್ತಿತ್ತು. ಹಾಗೆ ಮಾಡೋಣ ಅಂತ ಅನ್ನಿಸಿದ್ದೂ ನಿಜ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅವನ ಪೆನ್ನು ತೆಗೆದುಕೊಂಡು ಆ ಎರಡು ಪದ ಹೊಡೆದುಹಾಕಿದೆ.

"ಕಿಟಕಿಯಿಂದ ಅಲ್ಲ ಅಪ್ಪ. ಶುಕ್ರವಾರ ತಂದ್ನಲ್ಲ, ಟವೆಲ್ ಚೀಲ. ಅದ್ರಲ್ಲಿ ಕಾಯಿಲೆ ಬೆಕ್ಕನ್ನ ಸುತ್ತಿದ್ದ ಟವೆಲ್ ಇತ್ತು. ಅವನು ಅದರ ಮೇಲೇ ಮಲಗಿದ್ದ. ತಂದಿದ್ದು ನಾನು."

ಅಪ್ಪ ಬಾಗಿಲ ಹಿಂದಿನ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದ. ಬೈಯಲಿ ಅಂತ ಕಾಯುತ್ತಿದ್ದೆ. ಬೈದಿದ್ದರೆ ನಿಲ್ಲಲು ಒಂದು ನೆಲ ಸಿಗುತ್ತಿತ್ತು. ಕೊನೆಗೆ ಅವನು ಹಾಳೆಯನ್ನು ತನ್ನ ಕಡೆ ಎಳೆದುಕೊಂಡ, ಪೆನ್ನಿಗೆ ಕೈ ಚಾಚಿದ. ಕೊಟ್ಟೆ. ಕಾರಣದ ಮುಂದೆ ಏನೂ ಬರೆಯದೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ.

"ಬೆಳಗ್ಗೆ ನನಗೆ ಅಷ್ಟೊಂದು ಮಾತಂದ್ಯಲ್ಲ" ಅಂದ. "ಅದನ್ನೆಲ್ಲ ಈಗ ನೀನು ನಿನಗೆ ಅಂದ್ಕೋಬೇಡ ಮಗಳೇ. ಕೇಳೋಕಾಗಲ್ಲ ಅದನ್ನ. ನನಗೆ ಗೊತ್ತು."